ಪಾಠಕ್ಕೊಂದು ಇಂಟರ್‌ವಲ್

ಸಿನಿಮಾ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲೇ ಆಯಸ್ಸು ಸವೆಸಿದ ಮನುಷ್ಯನ ಕೈಗೆ ಮೊಮ್ಮಗಳ ಪಾಠ ಒಪ್ಪಿಸಿದರೆ ಏನಾಗುತ್ತದೆ ಹೇಳಿ? ಪಾಠಕ್ಕೂ ಇಂಟರ್‌ವಲ್ ಬರುತ್ತದೆ! ರೀಲ್ ತಾತನ ವಿಷಯದಲ್ಲಿ ಆದದ್ದೂ ಅದೇ. ಟಾಕೀಸು ಮುಚ್ಚಿದ ಮೇಲೆ ತಾತ ಮಗಳ ಮನೆ ಸೇರಿದ್ದ. ಮಗಳು ನರ್ಸ್. ವರ್ಗವಾದ ಕಡೆಯಲ್ಲೆಲ್ಲ ಹೊಸ ಶಾಲೆ ಹುಡುಕಿ ಹುಡುಕಿ ರೋಸಿಹೋಗಿ, ತನ್ನ ಒಂಬತ್ತು ವರ್ಷದ ಮಗಳು ಚೂಟಿಯನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದ್ದಳು. ಗಣಿತ, ಭಾಷೆ ಎರಡನ್ನೂ ಬೆಳಿಗ್ಗೆ ತಾನೇ ಹೇಳಿಕೊಡುತ್ತಿದ್ದಳು. ಅವಳು ಡ್ಯೂಟಿಗೆ ಹೊರಟ ಮೇಲೆ ವಿಜ್ಞಾನದ ವಿಡಿಯೋ. ಅದರ ಉಸ್ತುವಾರಿ ತಾತನದು.

"ಅಪ್ಪಾ, ನಾನು ಗುರುತು ಹಾಕಿಟ್ಟಿರೋ ವೆಬ್‌ಸೈಟ್ ತೆಗ್ದು ವಿಡಿಯೋ ಹಾಕು, ಅಷ್ಟೇ. ನಿನ್ನ ರೀಲು ಬಿಡೋಕೆ ಹೋಗ್ಬೇಡ."

ಅಷ್ಟೇ ಅಂದರೆ ಅಷ್ಟಕ್ಕೇ ಬಿಡುವ ಆಸಾಮಿಯೇ? ಹಿಂದಿನ ದಿನವೇ ಒಬ್ಬನೇ ಕೂತು ಟ್ರಯಲ್ ಷೋ ನೋಡುತ್ತಿದ್ದ. ಸದ್ದು ಸರಿಪಡಿಸುತ್ತಿದ್ದ, ಪರದೆ ಎಳೆದು ಕೋಣೆ ಕತ್ತಲು ಮಾಡುತ್ತಿದ್ದ. ಇಷ್ಟೆಲ್ಲ ಮಾಡಿದರೂ ಚೂಟಿ ಸೋಫಾದ ಮೇಲೆ ಉರುಳಿಕೊಂಡು ಒಂದರ ಹಿಂದೊಂದು ನೋಡಿ, ಸಂಜೆ ಅಮ್ಮ ಕೇಳಿದರೆ "ಚೆನ್ನಾಗಿತ್ತು" ಎನ್ನುವಳು. ಏನು ಚೆನ್ನಾಗಿತ್ತು? ಅದು ಮಾತ್ರ ಗೊತ್ತಿಲ್ಲ.

"ಇದು ಓದಲ್ಲಪ್ಪಾ, ಟೈಂಪಾಸು," ಎಂದಳು ಮಗಳು. "ಮುಂದಿನ ತಿಂಗಳಿಂದ ಟ್ಯೂಷನ್ ಮೇಷ್ಟ್ರನ್ನ ಗೊತ್ತು ಮಾಡ್ತೀನಿ."

ಟಾಕೀಸಿಗೆ ಬೀಗ ಬಿದ್ದಾಗ ತಾತ ಹೇಗೋ ನುಂಗಿಕೊಂಡಿದ್ದ. ಇದೂ ಹೋದರೆ ಬಾಲ್ಕನಿಯಲ್ಲಿ ಕೂತು ಬಟ್ಟೆ ಒಣಗುವುದನ್ನು ಕಾಯುವುದೇ ಗತಿ. ಮೊಮ್ಮಗಳ ಪಕ್ಕ ಕೂರುವ ಆ ಹೊತ್ತೆಂದರೆ ಅವನಿಗೆ ಪ್ರಾಣ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಸುತರಾಂ ಮನಸ್ಸಿರಲಿಲ್ಲ.

ಕೂತು ಯೋಚಿಸಿದ. ಇಂಟರ್‌ವಲ್ಲೇ ಇಲ್ಲದೆ ಷೋ ಓಡಿಸಿದರೆ ಯಾವ ಪ್ರೇಕ್ಷಕ ತಾನೇ ತೂಕಡಿಸುವುದಿಲ್ಲ? ಮಾರನೆಯ ದಿನ ಚಂದ್ರನ ವಿಡಿಯೋ. "ಚಂದ್ರ ದಿನದಿನಕ್ಕೆ ಸವೆದಂತೆ ಕಾಣುವುದೇಕೆ? ಅದಕ್ಕೆ ಕಾರಣ..." ಎನ್ನುವಷ್ಟರಲ್ಲಿ ತಾತ ಟಕ್ಕನೆ ನಿಲ್ಲಿಸಿ ದೀಪ ಹಾಕಿದ.

"ಇಂಟರ್‌ವಲ್!"

"ತಾತಾ! ಅನ್ಯಾಯ! ಕಾರಣ ಏನು ಹೇಳು!"

"ನಾನೇನು ಡೈರೆಕ್ಟರಾ? ಷೋ ಓಡ್ಸೋನು. ಮೊದ್ಲು ನೀನು ಹೇಳು, ಆಮೇಲೆ ಹಾಕ್ತೀನಿ."

ಚೂಟಿ ಸೋಫಾದಿಂದ ಜಿಗಿದಳು. ಚೆಂಡು ಬಂತು, ಟಾರ್ಚು ಬಂತು. ಭೂಮಿಯ ನೆರಳೇ ಕಾರಣವೆಂದು ಜಗಳಕ್ಕೇ ನಿಂತಳು. ಉಳಿದರ್ಧ ನೋಡಿ ಅದು ತಪ್ಪೆಂದು ಗೊತ್ತಾದಾಗ "ಅಯ್ಯಯ್ಯೋ!" ಎಂದು ತಲೆ ಚಚ್ಚಿಕೊಂಡು ನಕ್ಕಳು. ಅಂದಿನಿಂದ ದಿನಾ ಇಂಟರ್‌ವಲ್, ದಿನಾ ಜಗಳ, ದಿನಾ ನಗು.

ಸುದ್ದಿ ಕಿವಿಗೆ ಬಿದ್ದದ್ದೇ ಮಗಳು ಕೆಂಡವಾದಳು. "ಓದಿಗೂ ಇಂಟರ್‌ವಲ್ಲಾ? ನಾಳೆ ನಂಗೆ ರಜೆ. ಕಣ್ಣಾರೆ ನೋಡ್ತೀನಿ. ಆಟ ಅಂತ ಕಂಡ್ರೆ ಅಲ್ಲೇ ಮೇಷ್ಟ್ರಿಗೆ ಫೋನ್ ಮಾಡ್ತೀನಿ."

ಮರುದಿನದ ಪಾಠ: ಕಬ್ಬಿಣದ ಹಡಗು ನೀರಿನಲ್ಲಿ ತೇಲುವುದು ಹೇಗೆ. ತಾತ ಮಗಳ ಕಡೆ ನೋಡದೆ ಇಂಟರ್‌ವಲ್ ಕೊಟ್ಟ. ಮತ್ತೆ ಹಾಕಲು ಹೋದರೆ ವಿಡಿಯೋ ಅಲ್ಲಾಡಲೊಲ್ಲದು. ನೆಟ್ ಹೋಗಿತ್ತು.

"ನೋಡಿದ್ಯಾಪ್ಪಾ? ನೆಟ್ ಹೋಯ್ತು, ಪಾಠಾನೂ ಹೋಯ್ತು," ಎಂದು ಮಗಳು ಫೋನ್ ಎತ್ತಿಕೊಂಡಳು.

ಆದರೆ ಚೂಟಿ ಆಗಲೇ ಅಡುಗೆಮನೆಯಿಂದ ನೀರು ತುಂಬಿದ ಟಬ್ಬನ್ನು ಎಳೆದುಕೊಂಡು ಬಂದಿದ್ದಳು. ಕೈಯಲ್ಲಿ ಊಟ ಸುತ್ತುವ ಅಲ್ಯೂಮಿನಿಯಂ ಹಾಳೆ. "ಉಂಡೆ ಮಾಡಿದ್ರೆ ಮುಳುಗುತ್ತೆ, ದೋಣಿ ಮಾಡಿದ್ರೆ ತೇಲುತ್ತೆ. ನೋಡ್ತಿರಮ್ಮ!"

ಉಂಡೆ ಹಾಕಿದಳು. ಹಾಳಾದ ಉಂಡೆ ತೇಲಿಬಿಡಬೇಕೇ!

"ತೇಲ್ತಲ್ಲೇ?" ಅಮ್ಮ ಫೋನ್ ಕೆಳಗಿಟ್ಟು ಬಗ್ಗಿದಳು. ಉಂಡೆಯನ್ನು ನೀರಿನಡಿ ಒತ್ತಿ ಬಿಟ್ಟಳು, ಪುಸಕ್ಕನೆ ಮೇಲೆದ್ದಿತು.

"ಒಳಗೆ ಗಾಳಿ ಇದೆ ಅಮ್ಮಾ! ಗಾಳಿ ಸಿಕ್ಕಾಕೊಂಡಿದೆ!"

ಅಮ್ಮ ದಡದಡನೆ ಹೋಗಿ ಕುಟ್ಟಾಣಿ ತಂದಳು. ನೆಲದ ಮೇಲಿಟ್ಟು ಕುಟ್ಟಿದ್ದೇ ಕುಟ್ಟಿದ್ದು. ಚಪ್ಪಟೆಯಾದ ಉಂಡೆಯನ್ನು ಹಾಕಿದರೆ ಸೀದಾ ತಳಕ್ಕೆ! ತಾಯಿ ಮಗಳು ಒಟ್ಟಿಗೆ ಕಿರುಚಿದರು. ಆಮೇಲೆ ದೋಣಿ ಮಾಡಿ, ಅಂಗಿಯ ಗುಂಡಿ ಹೇರಿ, ಹೇರ್‌ಪಿನ್ ಹೇರಿ, ಯಾವಾಗ ಮುಳುಗೀತೆಂದು ಪಂದ್ಯ ಕಟ್ಟಿದರು. ಅಮ್ಮನ ತೋಳೆಲ್ಲ ಒದ್ದೆ, ನೆಲವೆಲ್ಲ ಕೆರೆ. ತಾತ ಒರೆಸುವ ಬಟ್ಟೆ ಹಿಡಿದು ಖುಷಿಯಿಂದ ಅವರ ಸುತ್ತ ಓಡಾಡುತ್ತಿದ್ದ.

"ಹಾಗಾದ್ರೆ ಹಡಗಿನ ಹೊಟ್ಟೇಲೂ ಗಾಳಿನೇನೇ? ಅಷ್ಟು ಭಾರ ಗಾಳಿ ಹೆಂಗೆ ಹೊರುತ್ತೆ?" ಅಮ್ಮ ಹಣೆ ಗಂಟಿಕ್ಕಿ ಕೇಳುತ್ತಿದ್ದಾಗ ನೆಟ್ ಬಂತು. ವಿಡಿಯೋ ತಾನಾಗಿಯೇ ಶುರುವಾಯಿತು: "ಹಡಗು ತೇಲುವುದಕ್ಕೆ ಕಾರಣ..."

"ಅಪ್ಪಾ, ನಿಲ್ಸು! ನಿಲ್ಸು ಅಂದ್ನಲ್ಲ!" ಅಮ್ಮ ಟಬ್ಬಿನಿಂದ ತಲೆಯೆತ್ತದೆ ಕೂಗಿದಳು. "ಇನ್ನೂ ಇಂಟರ್‌ವಲ್ ಮುಗ್ದಿಲ್ಲ!"

ತಾತ ನಿಲ್ಲಿಸಿ, ಬಂದು ಇಬ್ಬರ ನಡುವೆ ಕೂತ.