ಕಂದಕದ ಕಡೆಯ ಹಲಸು

ಬದುಕಿನಲ್ಲಿ ನಾನು ಮಾಡಿರುವುದು ಒಂದೇ ಕಳ್ಳತನ. ಕದ್ದದ್ದು ಹಲಸಿನ ಹಣ್ಣು, ಕಳೆದುಕೊಂಡವನು ಆನೆ.

ಕಾಕನಕೋಟೆ ಕಾಡಿನಂಚಿನ ಶಾಲೆಗೆ ಟೀಚರಾಗಿ ಬಂದು, ಪುಟ್ಟಮ್ಮನವರ ಮನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೇನೆ. ಅವರ ಹಿತ್ತಿಲಲ್ಲಿ ಎರಡು ಹಲಸಿನ ಮರ. ಬಾವಿ ಹತ್ತಿರದ್ದು ಮನೆಯವರದು. ಅಲ್ಲಲ್ಲಿ ಕುಸಿದ ಆನೆ ಕಂದಕದ ಕಡೆಯದು 'ಅವನದು', ಕಂದಕ ದಾಟಿ ಬರುವ ಆನೆಯದು. ಅದರ ಹಣ್ಣನ್ನು ಪುಟ್ಟಮ್ಮ ಮುಟ್ಟುವುದಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ನನಗೆ ಇದು ಮೂಢನಂಬಿಕೆಯಂತೆ ಕಂಡಿತು. ಅಷ್ಟು ದೊಡ್ಡ ಹೊಟ್ಟೆಗೆ ಒಂದು ಹಣ್ಣು ಕಡಿಮೆಯಾದರೆ ಏನಾದೀತು? ಕೈಗೆಟುಕಿದ್ದನ್ನು ಕಿತ್ತು ಕೋಣೆಯೊಳಗಿಟ್ಟೆ. ಅಂಗೈಗೆ ಮೇಣ ಮೆತ್ತಿತು.

ಸಂಜೆ ಅವನು ಬಂದ. ಮರದ ಬುಡದಲ್ಲಿ ಸೊಂಡಿಲಾಡಿಸಿ, ವಾಸನೆ ಹಿಡಿದು, ನೇರ ನನ್ನ ಬಾಗಿಲಿನತ್ತ ನಡೆದ. ನಡುವೆ ಗೂಟಕ್ಕೆ ಕಟ್ಟಿದ್ದ ಹಸು ಗೌರಿ ಹಗ್ಗ ಜಗ್ಗುತ್ತ ಅಂಬಾ ಎನ್ನುತ್ತಿದ್ದಳು. ಪುಟ್ಟಮ್ಮ ಓಡಿಬಂದು ಹಗ್ಗ ಬಿಚ್ಚಲು ಕೂತರು. ಅವರಿಗೂ ಆನೆಗೂ ನಡುವೆ ಒಂದು ಸೀರೆಯುದ್ದ. ಈಗಲೂ ಕಣ್ಣು ಮುಚ್ಚಿದರೆ ಹಗ್ಗದ ಆ ಗಂಟೇ ಕಾಣುತ್ತದೆ, ಬಿಚ್ಚುವುದೇ ಇಲ್ಲ.

"ಇದ್ಯಾಕಪ್ಪಾ, ಮನೆ ತಂಕ ಬಂದ್ಬುಟ್ಟೆ?" ಎಂದ ಪುಟ್ಟಮ್ಮನ ಮೂಗಿಗೂ ವಾಸನೆ ಬಡಿದಿರಬೇಕು. ನನ್ನತ್ತ ತಿರುಗದೆಯೇ ಕೇಳಿದರು, "ಮಿಸ್ಸೇ, ಅವನ್ದು ಕಿತ್ಕೊಂಡ್ಯಾ?"

ಕೋಣೆಯೊಳಗಿದ್ದ ನಾನು ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದೆ.

"ಉಳ್ಳುಸ್ಬುಡು ಈಚೆಗೆ."

ಬಾಗಿಲ ಸಂದಿಯಿಂದ ಉರುಳಿಸಿದೆ. ಹಣ್ಣು ಅವರನ್ನು ದಾಟಿ ಆನೆಯ ಮುಂದೆ ಹೋಗಿ ನಿಂತಿತು.

"ತಪ್ಪಾಯ್ತು ಕಣಪ್ಪಾ. ಒಸಬ್ಳು, ಗೊತ್ತಿಲ್ಲ. ತಕ್ಕೊಂಡೋಗು."

ಅವನು ಬಹಳ ಹೊತ್ತು ನಿಂತ. ಆಮೇಲೆ ಹಣ್ಣನ್ನು ಕಾಲಿನಿಂದ ಒತ್ತಿ ಬಿರಿಸಿ, ತಿಂದು, ಬಂದ ದಾರಿಯಲ್ಲೇ ಹೋದ. ಪುಟ್ಟಮ್ಮ ಗೌರಿಯ ಕೊರಳು ತಬ್ಬಿ ನಡುಗಿದ್ದನ್ನು ಆಗ ನೋಡಿದೆ.

ಆ ರಾತ್ರಿ ಮೇಣ ಬಿಡಿಸಲು ನನ್ನ ಅಂಗೈಗೆ ಅವರು ಎಣ್ಣೆ ತಿಕ್ಕುತ್ತಿದ್ದಾಗ ಕೇಳಿದೆ, "ಅವನು ನಿಮ್ಮ ಮರಕ್ಕೆ ಬಾಯಿ ಹಾಕೋದೇ ಇಲ್ವಾ?"

"ಆಕ್ತಾನೆ ಕಣವ್ವ, ಬುಡ್ತಾನಾ? ಆಗ ನಾವು ತಟ್ಟೆ ಬಡ್ದು, ಬಾಯಿಗ್ ಬಂದಂಗೆ ಬಯ್ತೀವಿ. ಇವತ್ತು ಅವನ್ ಸರದಿ. ಬಯ್ಯಕ್ ಬಂದಿದ್ದ."

ಪ್ರಾಣಿಗಳನ್ನು ಪ್ರೀತಿಸಬೇಕು, ರಕ್ಷಿಸಬೇಕು ಎಂದು ಮಕ್ಕಳಿಗೆ ನಾನು ಎಷ್ಟು ಸಲ ಪಾಠ ಮಾಡಿಲ್ಲ! ಆ ಪ್ರೀತಿಯಲ್ಲೂ ದೊಡ್ಡಸ್ತಿಕೆ ನಮ್ಮದೇ. ಅವಕ್ಕೂ ನಮ್ಮ ಮೇಲೆ ಸಿಟ್ಟು ಬರಬಹುದು, ಆ ಸಿಟ್ಟಿನಲ್ಲಿ ನ್ಯಾಯವಿರಬಹುದು ಎಂಬುದು ಯಾವ ಪಾಠದಲ್ಲೂ ನನಗೆ ಹೊಳೆದಿರಲಿಲ್ಲ.

ಈಗಲೂ ಸಂಜೆ ಎಲೆ ಅಲುಗಿದರೆ ಬಾಗಿಲಿಗೆ ಅಗುಳಿ ಹಾಕುತ್ತೇನೆ. ಆದರೂ ಕಂದಕದ ಕಡೆಯಿಂದ ಹಣ್ಣಿನ ಘಮ ಬಂದ ದಿನ ನಾನೇ ಗೌರಿಯನ್ನು ಕೊಟ್ಟಿಗೆಯೊಳಗೆ ಕಟ್ಟುತ್ತೇನೆ. ಗಂಟು ಮಾತ್ರ, ಅವಳೇ ಜಗ್ಗಿದರೂ ಬಿಚ್ಚಿಕೊಳ್ಳುವಂಥದ್ದು.