ಹಿಂದಿಯಲ್ಲಿ ಬಡಿದ ರೊಟ್ಟಿ

ಗೆಳೆಯರೇ, ಇವತ್ತು ನನ್ನ ಸೊಸೆಯನ್ನು ಅಳಿಸಿದವನು ನಾನೇ. ಅವಳು ಜೋಳದ ರೊಟ್ಟಿ ಬಡಿಯುವುದನ್ನು ವಿಡಿಯೋ ಮಾಡಿ ತನ್ನ ಚಾನೆಲ್‌ಗೆ ಹಾಕುತ್ತಾಳೆ. ನೋಡುವವರು ಹೆಚ್ಚಲೇ ಇಲ್ಲ.

"ಇದು ಹೈದರಾಬಾದ ಐತಿ, ಹಿಂದ್ಯಾಗ ಮಾತಾಡು. ಕನ್ನಡ ಯಾರ ಕೇಳ್ತಾರ?" ಎಂದು ನಿನ್ನೆ ಗದರಿದ್ದೆ. ಹಾಗೇ ಮಾಡಿದಳು.

ಬೆಳಿಗ್ಗೆ ಯಾದಗಿರಿಯಿಂದ ಅವಳ ತಾಯಿ ಫೋನ್ ಮಾಡಿದರು. "ದಿನಾ ನಿನ್ನ ಮಾತ ಕೇಳಕೋತ ನಾನೂ ರೊಟ್ಟಿ ಬಡೀತಿದ್ದೆ ಯವ್ವಾ. ನಿನ್ನೀದು ಒಂದೂ ತಿಳೀಲಿಲ್ಲ. ನನ್ನ ಮ್ಯಾಲ ಸಿಟ್ಟೇನು?"

ಸೊಸೆ ಕಣ್ಣೊರೆಸಿಕೊಂಡಳು. "ಮಾವಾರ, ಈಗೇನ್ ಮಾಡ್ಲಿರಿ?"

"ಅಳೋದ ಬಿಡು. ಹಿಟ್ಟ ನಾದು, ಕನ್ನಡದಾಗ ಮಾತಾಡು," ಎಂದೆ.

ಹೊಸದಾಗಿ ಚಾನೆಲ್ ತೆರೆಯುವವರೇ, ಎಷ್ಟು ಜನ ನೋಡುತ್ತಾರೆಂದು ಆಮೇಲೆ ಎಣಿಸಿ, ಯಾರು ನೋಡುತ್ತಾರೆಂದು ಮೊದಲು ತಿಳಿದುಕೊಳ್ಳಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನ್ನಂಥ ಮಾವನ ಸಲಹೆಯನ್ನಂತೂ ಕೇಳಲೇಬೇಡಿ.