ಬಾಯಿ ಬಿಡಬೇಡ ಅಂದವರು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಕುದಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಚರ್ಮ ಬೆಳ್ಳಗೆ ನುಣುಪಾಗಿ ಹೋಗಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ನಾನು ಹುಟ್ಟೇ ಇಲ್ಲ ಅನ್ನತ್ತೆ ಕಣಮ್ಮ ಇದು" ಎಂದು ನಗುತ್ತ ಹೆಂಡತಿಯನ್ನು ಮುಂದೆ ಬಿಡುತ್ತಿದ್ದರು. ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಬೀದಿಯಲ್ಲಿ ಎದುರುಮನೆ ಅವರದು, ಹಿತ್ತಿಲಲ್ಲೇ ನೂಲು ತೆಗೆಯುವ ಶೆಡ್ಡು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ನೆಂಟಸ್ತಿಕೆಯೇನೂ ಇರಲಿಲ್ಲ.

ನಾನಾಗ ದೇವನಹಳ್ಳಿಯ ಒಂದು ಜಿಮ್ಮಿಗೆ ಬಸ್ಸಿನಲ್ಲಿ ಹೋಗಿ ಕಿಕ್‌ಬಾಕ್ಸಿಂಗ್ ಕಲಿತು, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಪಂದ್ಯಗಳಿಗೆ ಇಳಿದಿದ್ದೆ. ಬೀದಿಯವರಿಗೆ ಅದೊಂದು ತಮಾಷೆ, ಅಮ್ಮನಿಗೆ ತಲೆನೋವು, ಮಾವನಿಗೆ ಮಾತ್ರ ಹಬ್ಬ. ಭಾನುವಾರ ಬೆಳಗ್ಗೆ ಹೊರದೇಶದ ಪಂದ್ಯಗಳು ಬರುವ ಹೊತ್ತಿಗೆ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ನಮ್ಮ ಟಿವಿ ಮುಂದೆ ಹಾಜರಾಗುತ್ತಿದ್ದರು. ಬಂದವರೇ ರಿಮೋಟ್ ಕಿತ್ತುಕೊಂಡು ಸದ್ದು ನಿಲ್ಲಿಸುತ್ತಿದ್ದರು. "ಅವನು ಬಾಯ್ ಬಡ್ಕೊಳೋದು ಕೇಳಿದ್ರೆ ನಂಗೆ ಕಣ್ ಕಾಣಲ್ಲ" ಎನ್ನುವುದು ವೀಕ್ಷಕ ವಿವರಣೆಯ ಮೇಲಿನ ಅವರ ದೂರು.

ಯಾರು ಗೆಲ್ಲುತ್ತಾರೆಂದು ಹೇಳುವುದರಲ್ಲಿ ಅವರು ಪಳಗಿದ ಕೈ. ಇಬ್ಬರಲ್ಲೊಬ್ಬ ಕುಸ್ತಿಯವನಾದರೆ ಮಾತ್ರ ಕೈಚೆಲ್ಲುತ್ತಿದ್ದರು: "ಇದು ಗೋಜಲು ಕಣಮ್ಮ, ಎಳೆ ಸಿಗಲ್ಲ." ಇಬ್ಬರೂ ನಿಂತು ಹೊಡೆಯುವವರಾದರೆ ಮುಂದೆ ಬಾಗಿ ಕೂರುತ್ತಿದ್ದರು. "ಕೈ ನೋಡ್ಬೇಡ, ಬಾಯಿ ನೋಡು. ಮೊದಲನೇ ರೌಂಡ್ ಮುಗಿಸ್ಕೊಂಡು ಸ್ಟೂಲ್ ಮೇಲೆ ಕೂತಾಗ ಯಾವನು ಬಾಯಿ ಬಿಟ್ಟನೋ ಅವನು ಹೋದ." ಹತ್ತರಲ್ಲಿ ಎಂಟು ಸಲ ಅದು ಹಾಗೇ ಆಗುತ್ತಿತ್ತು. ಒಮ್ಮೆ ಬಾಯಿ ಬಿಟ್ಟವನೇ ಗೆದ್ದುಬಿಟ್ಟ. ಮಾವ ಕಾಫಿ ಲೋಟ ಕೆಳಗಿಟ್ಟು, "ಅವನ ಮೂಗು ಮುರಿದಿತ್ತು, ಇನ್ನೇನ್ ಮಾಡ್ತಾನೆ? ಇದನ್ನ ಲೆಕ್ಕಕ್ಕೆ ತಗೋಬಾರ್ದು" ಎಂದು ಅಂಪೈರನ ಹಾಗೆ ತೀರ್ಪು ಕೊಟ್ಟರು.

ಉಸಿರಿನ ಬೆಲೆ ಅವರಿಗೆ ಗೊತ್ತಿತ್ತು. ಶೆಡ್ಡಿನ ಹಬೆ, ಬೆಂದ ಹುಳುವಿನ ವಾಸನೆ ಕುಡಿದು ಕುಡಿದು ಉಬ್ಬಸ ಹತ್ತಿತ್ತು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಲು ಅವರು ಒಮ್ಮೆ ನಿಲ್ಲುತ್ತಿದ್ದರು.

ನನ್ನ ದೊಡ್ಡ ಪಂದ್ಯ ಬಂದಾಗ ಎದುರಾಳಿ ಹೊಸಕೋಟೆ ಕಡೆಯ ಹುಡುಗಿ, ನನ್ನಂತೆಯೇ ಹೊಡೆಯುವವಳು. "ನಮ್ ಹುಡುಗಿದೇ ಗೆಲುವು" ಎಂದು ಮಾವ ಬೀದಿಗೆಲ್ಲ ಸಾರಿದರು. ಅದಕ್ಕೆ ನಾಲ್ಕು ದಿನ ಮುಂಚೆ ಅಭ್ಯಾಸದಲ್ಲಿ ನನ್ನ ಪಕ್ಕೆಗೆ ಏಟು ಬಿತ್ತು. ಕೋಚ್‌ಗೆ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಹೇಳಿದರೆ ಪಂದ್ಯ ಹೋಗುತ್ತದೆ.

ಬೆಂಗಳೂರಿನ ಆ ಹಾಲ್‌ನಲ್ಲಿ ಪಂದ್ಯಕ್ಕೆ ಮುಂಚೆ ಡಾಕ್ಟರ ಪರೀಕ್ಷೆಗೆ ಸಾಲಿನಲ್ಲಿ ನಿಂತಿದ್ದೆ. ಹೇಳಿಬಿಡಲೇ, ಬೇಡವೇ ಎಂದು ಒದ್ದಾಡುತ್ತಿದ್ದೆ. ಮಾವ ಏದುಸಿರು ಬಿಡುತ್ತ ಬಂದು ನನ್ನ ಭುಜ ಹಿಡಿದರು. "ಮಗಾ, ಏನೇ ಆಗ್ಲಿ, ಬಾಯಿ ಬಿಡ್ಬೇಡ" ಎಂದರು. ಅಷ್ಟೇ ಹೇಳಿ ಹೋದರು.

ಪ್ರತಿ ಭಾನುವಾರ ಕೇಳಿದ ಮಾತು ಅದು. ಆದರೆ ಗುಟ್ಟು ಬಚ್ಚಿಟ್ಟುಕೊಂಡವಳ ಕಿವಿ ಬೇರೆ. ನನ್ನ ಪಕ್ಕೆಯ ವಿಷಯ ಇವರಿಗೆ ಗೊತ್ತಾಗಿದೆ, ಯಾರಿಗೂ ಹೇಳಬೇಡ ಎನ್ನುತ್ತಿದ್ದಾರೆ ಎಂದುಕೊಂಡೆ. ನನಗೆ ಬೇಕಾಗಿದ್ದೂ ಅದೇ. ಡಾಕ್ಟರು "ಎಲ್ಲಾದರೂ ನೋವಿದೆಯಾ?" ಎಂದರು. "ಇಲ್ಲ" ಎಂದೆ.

ಎರಡನೇ ರೌಂಡಿನಲ್ಲಿ ಅವಳ ಮೊಣಕಾಲು ಅದೇ ಜಾಗಕ್ಕೆ ಬಿತ್ತು. ಮುರಿದ ಮೂಳೆ ಶ್ವಾಸಕೋಶಕ್ಕೆ ಚುಚ್ಚಿತು. ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಪಕ್ಕೆಗೆ ಮೊದಲೇ ಏಟು ಬಿದ್ದಿತ್ತು, ಇನ್ನು ಆಡುವಂತಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಮನೆಗೆ ಬಂದ ದಿನ "ಯಾಕೆ ಮುಚ್ಚಿಟ್ಟೆ?" ಎಂದು ಅಮ್ಮ ಅಳುತ್ತ ಕೇಳಿದಾಗ ನಾನು, "ಮಾವನೇ ಬಾಯಿ ಬಿಡ್ಬೇಡ ಅಂದ್ರು" ಎಂದುಬಿಟ್ಟೆ.

ಅಮ್ಮ ನಡುಬೀದಿಯಲ್ಲಿ ನಿಂತು ಅವರ ಜನ್ಮ ಜಾಲಾಡಿದಳು. "ನಿನ್ನ ಮಾತು ನಿಜ ಆಗ್ಲಿ ಅಂತ ನನ್ ಮಗಳ ಪಕ್ಕೆ ಮುರಿಸಿದ್ಯಲ್ಲಣ್ಣಾ!" ಮಾವ ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ, "ತಪ್ಪಾಯ್ತಮ್ಮ" ಎಂದು ಒಳಗೆ ಹೋದರು.

ಭಾನುವಾರಗಳು ನಿಂತವು. ನಾನು ಹೊರಗೆ ಬಂದರೆ ಅವರು ಜಗಲಿಯಿಂದ ಎದ್ದು ಹೋಗುತ್ತಿದ್ದರು. ಅವರ ಕೆಮ್ಮು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಬೀದಿ ದಾಟಲು ಹತ್ತು ಹೆಜ್ಜೆ ಸಾಕಿತ್ತು, ನಾನು ಎರಡು ವರ್ಷ ದಾಟಲಿಲ್ಲ. ಆಟ ಕಳೆದುಕೊಂಡ ಸಿಟ್ಟಿಗೆ ಒಬ್ಬರು ಬೇಕಾಗಿದ್ದರು, ಅವರು ಸಿಕ್ಕಿದ್ದರು.

ಹೋದ ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿ ಮಾವ ತೀರಿಕೊಂಡರು. ಮೂರನೆಯ ದಿನ ಅವರ ಹೆಂಡತಿ ನನ್ನನ್ನು ಕರೆಸಿ ಅವರ ಫೋನ್ ಕೈಗಿಟ್ಟರು. ಶ್ರದ್ಧಾಂಜಲಿ ಬ್ಯಾನರಿಗೆ ಒಂದು ಫೋಟೋ ಆರಿಸಿ ಕೊಡಬೇಕಿತ್ತು. ಹುಡುಕುವಾಗ ನನ್ನ ಪಂದ್ಯದ ವಿಡಿಯೋ ಸಿಕ್ಕಿತು. ಜನರ ನಡುವೆ ನಿಂತು ತೆಗೆದದ್ದು, ಚಿತ್ರ ಅಲುಗಾಡುತ್ತಿತ್ತು, ಅವರ ದನಿ ಮಾತ್ರ ಸ್ಪಷ್ಟವಾಗಿತ್ತು. "ಮೂಗಲ್ಲಿ ಉಸಿರಾಡು ಮಗಾ! ಬಾಯಿ ಬಿಡ್ಬೇಡ, ಬಾಯಿ ಬಿಡ್ಬೇಡ!" ನಾನು ಪಕ್ಕೆ ಹಿಡಿದು ಕುಸಿದಾಗ ಅದೇ ದನಿ ಚೀರಿತು. "ಅಯ್ಯೋ, ಪಕ್ಕೆಗೇನಾಯ್ತು ಅದಕ್ಕೆ? ನಿಲ್ಸ್ರೀ! ಯಾರಾದ್ರೂ ನಿಲ್ಸ್ರೀ!"

ಅವರಿಗೆ ಏನೂ ಗೊತ್ತಿರಲಿಲ್ಲ.

ವಿಡಿಯೋವನ್ನು ಮತ್ತೆ ಮೊದಲಿಂದ ಹಾಕಿದೆ. ಅವರ ಹೆಂಡತಿ ಪಕ್ಕಕ್ಕೆ ಬಂದು ಕೂತರು. "ನೀನು ಬೇರೆ ಥರ ಕೇಳಿಸ್ಕೊಂಡೆ ಅಂತ ಅವರಿಗೆ ಅವತ್ತೇ ತಿಳೀತು ಕಣವ್ವ. ಹೋಗಿ ಹೇಳ್ಬಾರ್ದಾ ಅಂತ ನಾನು ಎಷ್ಟ್ ಜಗಳ ಆಡ್ದೆ. 'ಪಾಪ, ಆಟಾನೇ ಹೋಯ್ತು ಅದಕ್ಕೆ. ತಪ್ಪೂ ತನ್ನದೇ ಅಂದ್ರೆ ಹೆಂಗ್ ತಡ್ಕೊಳತ್ತೆ ಮಗು? ನನ್ ಮೇಲೇ ಇರ್ಲಿ ಬಿಡು' ಅಂದ್ರು."

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿ ಅವರ ಮನೆಗೆ ನುಗ್ಗಿದಳು. "ತಪ್ಪಾಯ್ತಣ್ಣಾ" ಎಂದು ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರುವಷ್ಟು ಜೋರಾಗಿ ಅತ್ತಳು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ. ಅವರನ್ನು ಬೈದವಳು ಅಮ್ಮ, ಬೈಸಿದವಳು ನಾನು.